ಹನ್ನೊಂದು ಸೆಕೆಂಡು ಮೊದಲೇ ತೆರೆದ ಬಾಗಿಲು

ನಡೆಯುವುದೆಂಬುದೇ ಅವನಿಗೆ ಗೊತ್ತಿರಲಿಲ್ಲ. ಹೋದಲ್ಲೆಲ್ಲ ಜಿಗಿದೇ ಹೋಗುತ್ತಿದ್ದ. ಐದಡಿಯ ಆಳು, ಮೊಣಕಾಲು ಮುಟ್ಟುವ ಹಳದಿ ಕೋಟು, ಅದರ ತುಂಬ ಲೋಹದ ಗುಂಡಿಗಳು. ಆಸಾಮಿ ಕಾಣುವ ಮೊದಲೇ ಗಿಲಗಿಲ ಸದ್ದು ಬಂದು ತಲುಪುತ್ತಿತ್ತು. ವಾದ್ಯತಂಡದವರು ಅವನಿಗಿಟ್ಟ ಹೆಸರು ಮಿಡತೆ. "ತೊಟ್ಟಿಲಲ್ಲೇ ಇವನನ್ನ ಕಟ್ಟಿಹಾಕಬೇಕಿತ್ತು" ಎನ್ನುತ್ತಿದ್ದಳು ತಂಡದ ಡ್ರಮ್ಮು ಬಾರಿಸುವ ಅವನ ಅಕ್ಕ. ಆಕೆಯ ಬೈಗುಳವೂ ತಾಳ ತಪ್ಪುತ್ತಿರಲಿಲ್ಲ.

ಇಂಥ ಮಿಡತೆಗೆ ಚಲನಚಿತ್ರವೊಂದರ ಸಂಗೀತ ಒಲಿದು ಬಂತು. ಮೈದಾನ ತುಂಬಿದ ಜನಸ್ತೋಮವನ್ನೇ ಕುಣಿಸಿದ ಪಾಪ್ ಗಾಯಕನಿಗೆ ಇದ್ಯಾವ ಮಹಾ! ಹಾಡುಗಳೇನೋ ಹೂವೆತ್ತಿದಷ್ಟು ಸಲೀಸಾಗಿ ಹುಟ್ಟಿದವು. ಉಳಿದದ್ದು ಹಿನ್ನೆಲೆ ಸಂಗೀತ, ಅದಕ್ಕೆ ಪರೀಕ್ಷೆ ಕೊನೆಯ ದೃಶ್ಯ: ವರ್ಷಗಟ್ಟಲೆ ಮುನಿಸಿಕೊಂಡಿದ್ದ ತಾಯಿ ಮೆಟ್ಟಿಲೇರಿ ಬಂದು ಮಗಳ ಮನೆಯ ಬಾಗಿಲು ತಟ್ಟುತ್ತಾಳೆ, ಬಾಗಿಲು ತೆರೆಯುತ್ತದೆ. ನಿರ್ಮಾಪಕರು ಖಡಾಖಂಡಿತವಾಗಿ ಹೇಳಿದ್ದರು: ಈ ದೃಶ್ಯ ಕೂತರೆ ಇಡೀ ಚಿತ್ರದ ಸಂಗೀತ ಅವನದು; ಕೂರದಿದ್ದರೆ ಹಾಡುಗಳಷ್ಟೇ ಅವನವು, ಹಿನ್ನೆಲೆಯೆಲ್ಲ ನುರಿತ ಇನ್ನೊಬ್ಬರ ಪಾಲು.

ಧ್ವನಿಮುದ್ರಣದ ಬೆಳಿಗ್ಗೆ. ಹನ್ನೆರಡು ಮಂದಿ ತಂತಿವಾದ್ಯದವರು ಸಜ್ಜಾಗಿದ್ದಾರೆ, ಮೂಲೆಯಲ್ಲಿ ಡ್ರಮ್ಮಿನ ಹಿಂದೆ ಅಕ್ಕ, ಗಾಜಿನಾಚೆ ನಿರ್ದೇಶಕಿಯ ಪಕ್ಕ ನಿರ್ಮಾಪಕರು ಕೈಕಟ್ಟಿ ಕೂತಿದ್ದಾರೆ, ಪರದೆಯ ಮೇಲೆ ತಾಯಿ ಮೆಟ್ಟಿಲು ಹತ್ತುತ್ತಿದ್ದಾಳೆ. ಬಾಗಿಲು ತೆರೆಯಿತು, ಮುಚ್ಚಿತು. ಆಮೇಲೆ ಉಕ್ಕಿತು ಪಲ್ಲವಿ, ಬಸ್ಸು ಹೋದ ಮೇಲೆ ಕೈ ತೋರಿಸಿದ ಹಾಗೆ! ನಿರ್ದೇಶಕಿ ಹಿಂದಿನ ವಾರ ಆ ದೃಶ್ಯವನ್ನು ಹನ್ನೊಂದು ಸೆಕೆಂಡು ಮೊಟಕುಗೊಳಿಸಿ ಹೊಸ ಪ್ರತಿ ಕಳಿಸಿದ್ದಳು. ಮಿಡತೆ ಅದನ್ನು ತೆರೆದೇ ಇರಲಿಲ್ಲ. ರಾಗ ಬಾಯಿಗೆ ಬಂದ ಮೇಲೆ ಚಿತ್ರವನ್ನೇಕೆ ನೋಡಬೇಕು ಎಂಬುದು ಅವನ ಸಿದ್ಧಾಂತ.

"ಆ ಹನ್ನೊಂದು ಸೆಕೆಂಡು ವಾಪಸ್ ಕೊಡಿ ಮೇಡಂ, ದಮ್ಮಯ್ಯ!"

"ಕೊಡಲ್ಲ. ಸುಮ್ನೆ ಎಳೆದ ಹಾಗಾಗುತ್ತೆ" ಎಂದಳು ನಿರ್ದೇಶಕಿ.

"ಪಲ್ಲವಿ ನಾಲ್ಕು ಸಲ ಬರದೇ ಇದ್ರೆ ಜನರ ತಲೇಲಿ ಕೂರಲ್ಲ!"

ಮುಂದಿನ ಸಾಲಿನ ವೃದ್ಧ ಪಿಟೀಲುವಾದಕಿ ಕಮಾನು ಕೆಳಗಿಟ್ಟರು. "ಮಗನೇ, ಆ ತಾಯಿ ಬಂದಿರೋದು ಮಗಳನ್ನ ನೋಡಕ್ಕೆ. ಜನರ ತಲೇಲಿ ಕೂರಕ್ಕಲ್ಲ."

"ಬಾಯಿ ಮುಚ್ಚಿ ಒಂದ್ಸಲ ನೋಡೋ!" ಎಂದಳು ಅಕ್ಕ.

ನೋಡಿದ. ಮತ್ತೆ ಓಡಿಸಿದ ದೃಶ್ಯದಲ್ಲಿ, ಬಾಗಿಲ ಮುಂದೆ ತಾಯಿಯ ಕೈ ಕಂಬಿಯನ್ನು ಬಿಗಿಯಾಗಿ ಹಿಡಿಯಿತು. ಒಂದು ಪಾದ ಮೆಲ್ಲನೆ ಕೆಳಗಿನ ಮೆಟ್ಟಿಲಿಗೆ ಸರಿಯಿತು.

"ಅಯ್ಯಯ್ಯೋ! ಇವಳು ವಾಪಸ್ ಹೋಗಕ್ಕೆ ನೋಡ್ತಿದಾಳೆ ಕಣೇ ಅಕ್ಕಾ!"

ಆಮೇಲೆ ಹಿಡಿಯುವವರು ಯಾರು? ಮೈಕಿಗೆ ಗುಂಡಿಗಳ ಸದ್ದು ಕೇಳಿಸದಿರಲೆಂದು ಕೋಟನ್ನು ಅಕ್ಕನ ಮಡಿಲಿಗೆಸೆದ. ಸ್ವರಲಿಪಿ ಬಾರದವನು, ಪ್ರತಿಯೊಬ್ಬರ ಕಿವಿಯ ಬಳಿ ಬಗ್ಗಿ ಅವರವರ ಪಾಲನ್ನು ಹಾಡಿ ಒಪ್ಪಿಸಿದ. ಆಮೇಲೆ ಕುರ್ಚಿ ಹತ್ತಿ, ಆ ತಾಯಿಯ ಪಾದಗಳನ್ನೇ ನೋಡುತ್ತ ಕೈಯಾಡಿಸಿದ. ಪಾದ ಹಿಂದೆ ಸರಿದಾಗ ಹನ್ನೆರಡೂ ವಾದ್ಯಗಳು ಒಂದೇ ಸ್ವರದ ಮೇಲೆ ಉಸಿರು ಬಿಗಿಹಿಡಿದವು. ಬಾಗಿಲು ತೆರೆದಾಗ ಆ ವೃದ್ಧೆಯ ಪಿಟೀಲು ಮಾತ್ರ ಪಲ್ಲವಿಯನ್ನು ನುಡಿಯಿತು, ಒಂದೇ ಒಂದು ಸಲ.

"ಮುಂದೆ?" ಗಾಜಿನಾಚೆಯಿಂದ ನಿರ್ಮಾಪಕರ ಧ್ವನಿ.

"ಮುಂದೇನೂ ಇಲ್ಲ ಸಾರ್. ಬಾಗಿಲು ತೆಗೀತಲ್ಲ!"

ನಿರ್ಮಾಪಕರು ಫೋನು ತೆಗೆದು, ಆ ನುರಿತವರಿಗೆ ಬರುವುದು ಬೇಡವೆಂದರು. ಅಕ್ಕನ ಡ್ರಮ್ಮಿನ ಅಬ್ಬರಕ್ಕೆ ಗಾಜು ನಡುಗಿತು.

ತಪ್ಪು ಒಪ್ಪಿಕೊಳ್ಳಲು ನಾವು ಗಳಿಗೆ ನೋಡುತ್ತೇವೆ, ಕಾರಣ ಹುಡುಕುತ್ತೇವೆ, ಮುಖ ಸಣ್ಣದು ಮಾಡುತ್ತೇವೆ. ಇಂಥವರದು ಬೇರೆಯೇ ಕುಲ: ತಮ್ಮ ತಪ್ಪು ಕಣ್ಣಿಗೆ ಬಿದ್ದೊಡನೆ, ನಾಚಿಕೆ ಬಂದು ಸೇರುವುದರೊಳಗೆ, ಕಳೆದ ಕೀಲಿಕೈ ಸಿಕ್ಕವರಂತೆ ಹಿಗ್ಗಿಬಿಡುತ್ತಾರೆ. ಅದಕ್ಕೇ ಇರಬೇಕು, ಅವರಿಗೆ ಹೊಸದು ಬರುತ್ತದೆ. ನಮಗೋ, ಗೊತ್ತಿದ್ದದ್ದೇ ಇನ್ನಷ್ಟು ಚೆನ್ನಾಗಿ ಬರುತ್ತದೆ, ಅಷ್ಟೇ.