ಹಳದಿ ಬಳಿದ ಬೀದಿ

ನಗರ ಯೋಜಕಿ ಅರಬಾಗೆ ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಪುರಸಭೆಯ ಅಂಗಳದಲ್ಲಿ ಶಾಮಿಯಾನ ಎದ್ದಿತ್ತು. ವರ್ಷವಿಡೀ ಅವಳು ಬರೆದ ಹಳೇಪೇಟೆ ಬೀದಿಯ ನಕ್ಷೆಗೆ ಬಟ್ಟೆ ಮುಚ್ಚಿಟ್ಟಿದ್ದರು. ಮುಂದೆ ಆ ಬೀದಿ ಹೇಗಿರಬೇಕೆಂಬ ಕನಸೆಲ್ಲ ಅದರ ಹಿಂದಿತ್ತು. ಬೀದಿಯ ಹಿರಿಯರು ಇವತ್ತು ಕೈ ಎತ್ತಿದರೆ ಕಡಲ ವ್ಯಾಪಾರದ ಕಾಲದ ಕಲ್ಲುಮನೆಗಳು ಉಳಿಯುತ್ತವೆ. ಇಲ್ಲವಾದರೆ ಇಡೀ ಸಾಲು ಮಾಲ್ ಕಟ್ಟುವವನ ಪಾಲು. ಅವಳು ಹುಟ್ಟಿದ, ತಾಯಿಯ ಕುಲದ ಮನೆಯೂ ಅದೇ ಸಾಲಿನಲ್ಲಿದೆ.

ಎದ್ದಳು, ಕೂತಳು, ಪೆನ್ನಿನ ಮುಚ್ಚಳ ಕಚ್ಚಿದಳು.

"ಏನವ್ವಾ, ಕುರ್ಚೀಲಿ ಮುಳ್ಳಿದೆಯಾ?" ಎಂದು ಪುರಸಭೆಯ ಅಧ್ಯಕ್ಷ ಅರ್ಕೊಫುಲ್ ಛೇಡಿಸಿದ.

ಬಟ್ಟೆ ಸರಿಸಿದ್ದೇ ತಡ, ಎಲ್ಲರೂ ಮುಂದಕ್ಕೆ ಬಾಗಿದರು. ಆಮೇಲೆ ಜೇನುಗೂಡಿಗೆ ಕಲ್ಲು ಬಿದ್ದ ಹಾಗಾಯಿತು.

"ಹಳದಿ! ನಮ್ಮ ಬೀದಿಗೆ ಹಳದಿ!"

"ಮೂರನೇ ದಂಡಿನವರಿಗೆ ಬೀದಿ ಮಾರ್ಕೊಂಡಿದಾಳೆ ಕಣ್ರೋ!"

ಅರಬಾಗೆ ಆಗಲೇ ತಪ್ಪು ಹೊಳೆದದ್ದು. ಊರು ಕಾಯಲೆಂದು ಹಿಂದೆ ಕಟ್ಟಿದ ಅಸಾಫೊ ದಂಡುಗಳಲ್ಲಿ ಒಂದೊಂದಕ್ಕೂ ಅದರದೇ ಬಣ್ಣ. ಪರರ ಬಣ್ಣ ತಮ್ಮ ಬೀದಿಗೆ ಬಂತೆಂದು ತಲೆ ಒಡೆದುಕೊಂಡ ಕಾಲವೂ ಇತ್ತು. ಮನೆ ತಾಯಿಯ ಕಡೆಯಿಂದ ಬಂದರೆ ದಂಡು ಅಪ್ಪನ ಕಡೆಯಿಂದ ಬರುತ್ತದೆ. ಈ ಬೀದಿ ಒಂದನೇ ದಂಡಿನದು, ಬಣ್ಣ ಕೆಂಪು. ತೀರಿಹೋದ ಅವಳಪ್ಪ ಮೂರನೇ ದಂಡಿನವನು. ಹಬ್ಬದ ದಿನ ಅವನ ಹೆಗಲೇರಿ ಕಂಡ ಹಳದಿಯೇ ಅವಳಿಗೆ ಚಂದದ ಬಣ್ಣ. ನಕ್ಷೆಯ ಗೋಡೆಗಳಿಗೆ ಕೈ ತಾನಾಗಿ ಅದನ್ನೇ ಬಳಿದಿತ್ತು. ಪರದೇಶದ ಇಂಜಿನಿಯರ್ ಹೀಗೆ ಮಾಡಿದ್ದರೆ ನಕ್ಕು ಬಿಡುತ್ತಿದ್ದರು. ಊರ ಮಗಳಿಗೆ ಆ ರಿಯಾಯಿತಿ ಎಲ್ಲಿಯದು?

ಬೀದಿಯ ಹಿರಿಯ, ಅವಳ ಸೋದರಮಾವ ಕ್ವಾಮೆನಾ ಕೋಲೂರಿ ಎದ್ದ.

"ಯಾರ ಬಣ್ಣಾನೇ ಇದು?"

"ಪ್ರಿಂಟ್ ಮಾಡಿದೋನ ತಪ್ಪು ಅಂದ್ಬಿಡು," ಎಂದು ಅರ್ಕೊಫುಲ್ ಅವಳ ಕಿವಿಯಲ್ಲಿ ಉಸುರಿದ. "ಇಲ್ಲಿಗೇ ಮುಗಿದೋಗುತ್ತೆ."

ಅಂದುಬಿಟ್ಟರೆ ಮನೆ ಉಳಿಯುತ್ತಿತ್ತು. ಮಾತು ನಾಲಿಗೆಯ ತುದಿಗೂ ಬಂತು. ಆದರೆ ಅಪ್ಪನನ್ನೇ ಜನರೆದುರು ಅಳಿಸಿಹಾಕಿದಂತೆ ಅನ್ನಿಸಿ ಅದನ್ನು ನುಂಗಿಕೊಂಡಳು.

"ನಮ್ಮಪ್ಪಂದು, ಮಾವಾ. ಬೇಕಂತ ಬಳೀಲಿಲ್ಲ. ಆದ್ರೆ ಬಳಿದೋಳು ನಾನೇ."

ಮಾವ ನಕ್ಷೆಯ ಮನೆಗಳನ್ನು ಒಂದೊಂದಾಗಿ ನೋಡಿದ. ಅವಳು ನಕ್ಷೆಗೆ ಮುಚ್ಚಿದ್ದ ಬಟ್ಟೆಯ ಅಂಚು ಹಿಂಡುತ್ತ ನಿಂತಳು.

"ನಿಮ್ಮಮ್ಮನ್ನ ಕೇಳೋಕೆ ಬಂದ ದಿನ ನಿಮ್ಮಪ್ಪ ಬೀದಿ ಮೂಲೇಲೇ ಹಳದಿ ಅಂಗಿ ಬಿಚ್ಚಿಟ್ಟು ಬಂದ. ಸಾಯೋವರೆಗೂ ಹಂಗೇ ಬಂದ, ಹಂಗೇ ಹೋದ. ನೀನು ನೋಡಿದ್ರೆ ಇಡೀ ಬೀದಿಗೇ ಅದನ್ನ ತೊಡಿಸಿದೀಯ."

ಯಾರೋ ಕಿಸಕ್ಕೆಂದರು. ಮಾವ ನಗಲಿಲ್ಲ.

"ತಪ್ಪುಕಾಣಿಕೆ ಆಗ್ಬೇಕು. ಹಿರೀಕರಿಗೆ ಎರೆಯೋ ಶ್ನಾಪ್ಸ್ ಸಾರಾಯಿ ಬಾಟ್ಲಿ ನೀನು ತಾ. ಕುರೀನ ನಿಮ್ಮಪ್ಪನ ದಂಡಿನವರು ನಮ್ಮ ದಂಡಿನ ಗುಡಿ ಬಾಗಿಲಿಗೆ ತರಲಿ. ಆ ಹಳದಿ ಅಳಿಸು, ಗೋಡೆ ಕಲ್ಲಿನ ಬಣ್ಣದಲ್ಲೇ ಇರಲಿ. ಮನೆಗಳು ನಿಲ್ಲಲಿ."

ಅವನು ಕೈ ಎತ್ತಿದ. ಉಳಿದ ಹಿರಿಯರೂ ಗೊಣಗುತ್ತಲೇ ಒಬ್ಬೊಬ್ಬರಾಗಿ ಎತ್ತಿದರು. ಮನೆ ಉಳಿಯಿತು, ಅರಬಾಳ ಮನಸ್ಸು ಮಾತ್ರ ಇನ್ನೂ ನಿಲ್ಲಲೊಲ್ಲದು.

"ಕುರಿ ತರೋರೂ ಮೂಲೇಲಿ ಅಂಗಿ ಬಿಚ್ಚಿಡ್ಬೇಕಾ, ಮಾವಾ?"

ಮುದುಕ ಹಿಂದಿನ ಕುರ್ಚಿಗಾಗಿ ಕೈಯಿಂದ ತಡಕಾಡಿದ.

"ಅವತ್ತೊಂದಿನ ತೊಟ್ಕೊಂಡೇ ಬರಲಿ," ಎಂದ. "ನಿಮ್ಮಪ್ಪಂಗೆ ಹಂಗನ್ನೋಕೆ ನಂಗೆ ಬಾಯೇ ಬರಲಿಲ್ಲ."