ಬೆಟಗೇರಿಯ ಸ್ಯಾರಿ ಗಾರ್ಡ್

ಬೆಟಗೇರಿಯ ನಮ್ಮ ಓಣಿಯಲ್ಲಿ ಎಡಕ್ಕೂ ಬಲಕ್ಕೂ ಸೀರೆ ನೇಯುವ ಮನೆಗಳು. ಈ ಮನೆಗಳ ಗಂಡುಮಕ್ಕಳು ಹೊಸ ಬೈಕ್ ತಂದರೆ ಮೊದಲು ಕಿತ್ತೆಸೆಯುವುದು, ಹಿಂದೆ ಕೂತವರ ಸೀರೆ ಗಾಲಿಗೆ ಸಿಗದಂತೆ ತಡೆಯುವ ಜಾಳಿಗೆ, ಸ್ಯಾರಿ ಗಾರ್ಡನ್ನು. ಸೀರೆಯಿಂದಲೇ ಹೊಟ್ಟೆ ತುಂಬಿಸಿಕೊಂಡವರಿಗೆ ಸೀರೆಯ ಮೇಲೆ ಇಷ್ಟೊಂದು ತಾತ್ಸಾರ ಎಲ್ಲಿಂದ ಬಂತೋ ತಿಳಿಯದು.

೨೦೦೮ರಲ್ಲಿ ಯಮಹಾದ ಆರ್-ಒನ್-ಫೈವ್ ಮೊದಲ ಸಲ ಮಾರುಕಟ್ಟೆಗೆ ಬಂದಾಗ ಅದನ್ನು ಓಣಿಗೆ ತಂದವನು ಬಾಬಣ್ಣನ ಮಗ ಕಿರಣಕುಮಾರ. ರೇಸಿನ ದೊಡ್ಡ ಗಾಡಿಯ ವೇಷವನ್ನು ನೂರೈವತ್ತು ಸಿ.ಸಿ. ಎಂಜಿನ್ನಿಗೆ ತೊಡಿಸಿದ ಬೈಕ್ ಅದು. ಬರೀ ವೇಷವಲ್ಲ. ಎಂಜಿನ್ ತಣ್ಣಗಿಡಲು ನೀರು, ಕಾರ್ಬ್ಯುರೇಟರಿನ ಬದಲು ಇಂಜೆಕ್ಷನ್, ಎರಡು ತೋಳಿನಿಂದ ಎಂಜಿನ್ನನ್ನು ತಬ್ಬಿಕೊಂಡಂಥ ಚೌಕಟ್ಟು. ಹಿಂದಿನ ಗಾಲಿಗೆ ಮಾತ್ರ ಸಣ್ಣ ಟಯರು. ಹಗುರಿದ್ದಷ್ಟೂ ಚೆನ್ನಾಗಿ ತಿರುಗುತ್ತದೆ ಎಂಬ ಲೆಕ್ಕ ಅದರ ಹಿಂದೆ ಇದ್ದೀತು. ಪಕ್ಕದಲ್ಲಿ, ನಮ್ಮ ದೇಶದ ನಿಯಮದಂತೆ, ಸ್ಯಾರಿ ಗಾರ್ಡ್.

ಚಹಾದಂಗಡಿಯ ಪಂಡಿತರಿಗೆ ಸಣ್ಣ ಟಯರು, ಗಾರ್ಡ್ ಎರಡೂ ಹಿಡಿಸಲಿಲ್ಲ.

"ಏನಲೇ ಇದು ಕಿರಣ್ಯಾ, ಮುಂದ ಹುಲಿ, ಹಿಂದ ಹಲ್ಲಿ!"

ಕಿರಣ ಅಂದೇ ಗಾಡಿಯನ್ನು ಮಾಶಾಕನ ಗ್ಯಾರೇಜಿಗೆ ಒಯ್ದ.

"ದಪ್ಪ ಟಯರ್ ಹಾಕ. ಆ ಜಾಳಗಿ ಕಿತ್ತ ಒಗಿ."

"ನಿಮ್ಮವ್ವ, ತಂಗಿ ಹಿಂದ ಕುಂಡ್ರತಾರಲ್ಲೋ ಮಾರಾಯಾ," ಎಂದ ಮಾಶಾಕ.

"ಕುಂಡ್ರೋರು ಸೀರಿ ಹಿಡ್ಕೊಂಡ ಕುಂಡ್ರತಾರ. ರೇಸ್ ಗಾಡಿಗೆ ಯಾರರ ಜಾಳಗಿ ಹಾಕ್ತಾರೇನ?"

ದಪ್ಪ ಟಯರು ಬಂದ ಮೇಲೆ ಗಾಡಿ ತಿರುವಿನಲ್ಲಿ ಬಸುರಿ ಎಮ್ಮೆಯಂತೆ ವಾಲಾಡಿತು. ಟ್ಯಾಂಕಿನ ಮೇಲೆ ತಲೆಬುರುಡೆಯ ಸ್ಟಿಕರ್ ಕೂತಿತು. ಸೈಲೆನ್ಸರ್ ಕೊಯ್ಯಿಸಿದ್ದರಿಂದ ಓಣಿಯ ಕೂಸುಗಳೆಲ್ಲ ಬೆಚ್ಚಿ ಅತ್ತವು. ಗಾರ್ಡ್ ಮನೆಯ ಹಿತ್ತಲಿಗೆ ಬಿತ್ತು.

ಮರುವರ್ಷ ಕೊರ್ಲಹಳ್ಳಿಯ ಸೋದರತ್ತೆಯ ಮನೆಯಿಂದ ಬರುವಾಗ, ಮುಂಡರಗಿ ದಾಟಿದ ಮೇಲೆ, ಹಿಂದೆ ಕೂತಿದ್ದ ತಂಗಿ ಅಂಕಿತಾಳ ಸೀರೆಯ ಅಂಚು ಚೈನಿಗೆ ಸಿಕ್ಕಿತು. ಅಪ್ಪ ಬಾಬಣ್ಣ ಸ್ವಂತ ಮಗ್ಗದಲ್ಲಿ ನೇಯ್ದ ಸೀರೆ. ಅಗ್ಗದ್ದಾಗಿದ್ದರೆ ಹರಿದು ಹೋಗುತ್ತಿತ್ತು. ಇದು ಹರಿಯಲಿಲ್ಲ, ಕಾಲನ್ನೂ ಜೊತೆಗೆ ಎಳೆದುಕೊಂಡಿತು. ಎಡಗಾಲಿನ ಎರಡು ಬೆರಳು ಹೋದವು.

ಅವಳನ್ನು ನೋಡಲು ಆಸ್ಪತ್ರೆಗೆ ಬಂದ ನೆಂಟರೆದುರು ಕಿರಣ ಒಂದೇ ಮಾತು ಹೇಳಿದ: "ಅಕಿಗೆ ಸೀರಿ ಹಿಡ್ಕೊಂಡ ಕುಂಡ್ರಾಕ ಬರೂದಿಲ್ರಿ." ಆ ಮಾತು ಮನೆ ಮನೆ ತಿರುಗಿ, ಎಲೆಯಡಕೆಯ ಜೊತೆ ಅಗಿಯಲ್ಪಟ್ಟು, ಕೊನೆಗೆ ಸತ್ಯವಾಯಿತು. ಅಂದಿನಿಂದ ಅಂಕಿತಾ ಕುರ್ಚಿಯ ಮೇಲೆ ಕೂತರೂ ಅಂಚನ್ನು ಮುದುಡಿ ಮುಷ್ಟಿಯಲ್ಲಿ ಹಿಡಿಯುತ್ತಾಳೆ. ಅದನ್ನೂ ಓಣಿಯವರು ನೋಡಿ ನಗುತ್ತಾರೆ.

ಈಗ ಕಾಲ ಬದಲಾಗಿದೆ. ಅದೇ ಮೊದಲ ಮಾದರಿ ಈಗ 'ಕ್ಲಾಸಿಕ್' ಅಂತೆ. ಹಲ್ಲಿಯ ಬಾಲಕ್ಕೇ ಮರ್ಯಾದೆ. ಲಕ್ಷ್ಮೇಶ್ವರದಲ್ಲಿ ಇಂಥ ಗಾಡಿಗಳ ಮೇಳ ಎಂದು ಗೊತ್ತಾದೊಡನೆ ಕಿರಣ ಸಣ್ಣ ಟಯರ್ ಹುಡುಕಿ ತಂದ, ತಲೆಬುರುಡೆ ಕೆರೆದ, ಹೊಸ ಸೈಲೆನ್ಸರ್ ಕೂಡಿಸಿದ. ಎಲ್ಲ ಕೂಡಿತು, ಸ್ಯಾರಿ ಗಾರ್ಡ್ ಒಂದು ಬಿಟ್ಟು. ಅದು ಅದೇ ಹಿತ್ತಲಲ್ಲಿ ಅಂಕಿತಾಳ ಹೀರೆಬಳ್ಳಿಗೆ ಆಸರೆಯಾಗಿ ನಿಂತಿತ್ತು.

"ಯವ್ವಾ ತಂಗಿ, ಅದೊಂದು ಕೊಟ್ಟಬಿಡ. ಅದಿಲ್ಲಂದ್ರ ಒರಿಜಿನಲ್ ಅನ್ನೂದಿಲ್ಲ."

"ಒಯ್ಯಿ ಅಣ್ಣಾ. ಖರೆ, ಯಾಕ ಕಿತ್ತಿದ್ದಿ ಅಂತ ಅಲ್ಲಿ ಮೈಕಿನಾಗ ಹೇಳಬೇಕ. ನಾನೂ ಬರ್ತೀನಿ, ಕೇಳಾಕ."

"ಇಷ್ಟ ಹೌದಿಲ್ಲೋ? ಆತು!"

ನಾನೂ ಹೋಗಿದ್ದೆ. ಮೈದಾನದ ತುಂಬ ಪಾಲಿಶಿನ ವಾಸನೆ. ತೊಳೆದು ಒರೆಸಿ ಫಳಫಳ ಹೊಳೆಯಿಸಿದ ಗಾಲಿಗಳ ಪಕ್ಕದಲ್ಲೇ ಗುಟ್ಕಾದ ಕೆಂಪು ಉಗುಳು. ತೀರ್ಪುಗಾರ ಕರಿ ಕನ್ನಡಕ ಹಾಕಿಕೊಂಡು ಸ್ಕ್ರೂ ಸ್ಕ್ರೂ ಮುಟ್ಟಿ ನೋಡುತ್ತಿದ್ದ. ಹೆಣ್ಣು ನೋಡಲು ಬಂದವರೂ ಇಷ್ಟು ನಾಚಿಕೆಗೆಟ್ಟು ನೋಡುವುದಿಲ್ಲ. ಕಿರಣನ ಗಾಡಿಯ ಮುಂದೆ ನಿಂತು ಮೈಕ್ ಚಾಚಿದ.

"ಗಾರ್ಡ್ ಸುದ್ದಾ ಐತೆಲ್ಲರಿ! ಇದು ಯಾರ ಹತ್ರನೂ ಉಳದಿಲ್ಲ ನೋಡ್ರಿ."

ಅಂಕಿತಾ ಮುಂದಿನ ಸಾಲಿನಲ್ಲಿ ಕೂತಿದ್ದಳು, ಅಂಚು ಮುಷ್ಟಿಯಲ್ಲಿ. ಕಿರಣ ಅವಳನ್ನು ನೋಡಿದ. ಗಂಟಲು ಸರಿಮಾಡಿಕೊಂಡ.

"ನಮ್ಮದು ಸೀರಿ ನೇಯೋ ಮನಿತನರಿ. ಹೆಣ್ಮಕ್ಕಳಿಗೆ ತ್ರಾಸ ಆಗಬಾರದು ಅಂತ, ಶೋರೂಮಿಂದ ಬಂದಾಗಿಂದ ಒಂದ ದಿನನೂ ಬಿಚ್ಚಿಲ್ರಿ."

ಚಪ್ಪಾಳೆ ಬಿತ್ತು.

ಅಂಕಿತಾ ಎದ್ದಳು. ಕುಂಟುತ್ತ ಬಂದು ಕೈಚೀಲದಿಂದ ಬೋಲ್ಟು ಬಿಚ್ಚುವ ಪಾನಾ ತೆಗೆದು ಗಾಡಿಯ ಪಕ್ಕದಲ್ಲಿ ಕೂತಳು. ಅಣ್ಣನ ಮಾತು ಎಷ್ಟು ಗಟ್ಟಿ ಎಂಬುದು ಅವಳಿಗೆ ಗೊತ್ತಿದ್ದಿರಬೇಕು; ಇಲ್ಲದಿದ್ದರೆ ಮೇಳಕ್ಕೆ ಯಾರು ಪಾನಾ ತರುತ್ತಾರೆ?

"ಏ ಅಂಕಿ, ಏನ ಮಾಡಾಕತ್ತಿ? ಮಂದಿ ನೋಡಾಕತ್ತಾರ!"

"ನೋಡಲಿ." ಎಡಗಾಲಿನ ಚಪ್ಪಲಿ ಬಿಟ್ಟು ಪಾದವನ್ನು ಗಾಲಿಯ ಪಕ್ಕ ಇಟ್ಟಳು. "ಸರ್, ಕಿತ್ತ ಒಗದಾಗಿಂದ ಈ ಗಾರ್ಡಿನ ಕೆಲಸ ಇದು ಮಾಡೇತ್ರಿ."

ತೀರ್ಪುಗಾರ ಪಾದವನ್ನು ನೋಡಿದ, ಗಾಡಿಯನ್ನು ನೋಡಿದ, ಮೊಬೈಲ್ ತೆಗೆದ.

"ಮೇಡಂ, ಒಂದ ಮಿನಿಟ್ ತಡೀರಿ. ಗಾರ್ಡ್ ಇದ್ದಾಗನ ಒಂದು ಫೋಟೊ ಹೊಡ್ಕೋತೀನಿ."

ಅಂಕಿತಾ ಕಾಯಲಿಲ್ಲ, ಬೋಲ್ಟು ಬಿಚ್ಚಿ ಗಾರ್ಡನ್ನು ಕಿತ್ತುಕೊಂಡಳು.

ಕಿರಣಕುಮಾರನಿಗೆ ಎರಡನೆಯ ಬಹುಮಾನ ಬಂತು. ಒಂದು ಭಾಗ ಕಡಿಮೆ ಇದೆ ಎಂದು ತೀರ್ಪುಗಾರ ಮೈಕಿನಲ್ಲೇ ಮರುಗಿದ. ಗಾರ್ಡಿನ ಬಗ್ಗೆ.

ಗದಗಿನ ಬಸ್ಸಿನಲ್ಲಿ ನಾನು ಅಂಕಿತಾಳ ಹಿಂದಿನ ಸೀಟಿನಲ್ಲಿದ್ದೆ. ಕಂಡಕ್ಟರ್ ಅವಳ ಹತ್ತಿರ ನಿಂತು ಕೇಳಿದ, "ಇದೇನಬೇ ಯಕ್ಕಾ, ಯಾರಿಗರ ಚುಚ್ಚೀತು."

"ಸ್ಯಾರಿ ಗಾರ್ಡ್ ಐತೋ ತಮ್ಮಾ. ಹೀರಿಬಳ್ಳಿಗೆ ಬೇಕಾಗೇತಿ."

ಅವಳು ಅದನ್ನು ಎರಡೂ ಕೈಯಿಂದ ಅಪ್ಪಿ ಹಿಡಿದು ಕೂತಿದ್ದಳು. ಸೀರೆಯ ಅಂಚು ಬಸ್ಸಿನ ನೆಲದ ಮೇಲೆ ತನ್ನ ಪಾಡಿಗೆ ಹರಡಿ ಬಿದ್ದಿತ್ತು.