ಯಮನಪ್ಪನ ಇಶ್ಯೂ

ಇಂಗ್ಲಿಷಿನ ಒಂದೇ ಒಂದು ಶಬ್ದವನ್ನು ಯಮನಪ್ಪ ಅರೆದು ಕುಡಿದಿದ್ದ: ಇಶ್ಯೂ. ಹುಬ್ಬಳ್ಳಿಯ ಸರಕಾರಿ ಉಗ್ರಾಣದಲ್ಲಿ ಅವನು ಹನ್ನೊಂದು ವರ್ಷದಿಂದ ಇಶ್ಯೂ ಕಾರಕೂನ. ಸಲಿಕೆ, ಬುಟ್ಟಿ, ಕಂದೀಲು, ಏನೇ ಹೊರಗೆ ಹೋದರೂ ಚೀಟಿಯ ಮೇಲೆ ಅವನ ಇಶ್ಯೂ ಮುದ್ರೆ ಬೀಳಲೇಬೇಕು. ಹೀಗಾಗಿ ೧೯೬೧ರಲ್ಲಿ ನೌಕರರ ಮನೆತನದ ವಿವರ ಕೇಳುವ ಹೊಸ ಫಾರ್ಮು ಬಂದು, ಅದರಲ್ಲೊಂದು ಕಡೆ 'ಇಶ್ಯೂ' ಎಂದು ಕಂಡಾಗ ಅವನು ಹಿಂದೆಮುಂದೆ ನೋಡದೆ 'ತಿಂಗಳಿಗೆ ಇನ್ನೂರು' ಎಂದು ಪೆನ್ಸಿಲಿನಲ್ಲಿ ಬರೆದ.

ಹೆಡ್ ಕ್ಲಾರ್ಕ್ ರಮಾಕಾಂತರಾಯರು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು.

"ಯಮನಪ್ಪಾ, ಇಲ್ಲೆ ಇಶ್ಯೂ ಅಂದ್ರ ಮಕ್ಕಳೋ! ತಿಂಗಳಿಗೆ ಇನ್ನೂರಂದ್ರ ಧೃತರಾಷ್ಟ್ರನೂ ನಿನಗ ಕೈ ಮುಗೀಬೇಕು."

ಇಡೀ ಕಚೇರಿ ನಕ್ಕಿತು. ಯಮನಪ್ಪನೂ ನಕ್ಕ.

"ಖರೇ ಎಷ್ಟು ಮಂದಿ, ಹೇಳು."

"ಒಬ್ಬಾಕಿ ಇದ್ಲರಿ, ಶೇವಂತೆವ್ವ. ಹ್ವಾದ ವರ್ಷ ಜ್ವರದಾಗ ಹೋದ್ಲು."

ರಾಯರ ನಗೆ ಉಡುಗಿತು. "ಇದ್ದವರನ್ನಷ್ಟ ಬರೀಬೇಕಪಾ," ಎಂದರು, ಅವನ ಮುಖ ನೋಡದೆ. "'ನಿಲ್' ಅಂತ ಹಾಕು. ಏನೂ ಇಲ್ಲ ಅಂತ ಅರ್ಥ."

ಪೆನ್ಸಿಲು ಅಳಿಸಿ, ರಾಯರು ಹೇಳಿದ ಮೂರು ಇಂಗ್ಲಿಷ್ ಅಕ್ಷರಗಳನ್ನು ಅವನು ಮಸಿಯಲ್ಲಿ ಬರೆದ: ಎನ್, ಐ, ಎಲ್. ನಿಲ್ ಎಂದರೆ ಕನ್ನಡದಲ್ಲಿ ನಿಲ್ಲು; ನಿಂತಳೇ ಅವಳು?

ಫಾರ್ಮಿಗೆ ಹೆಂಡತಿಯ ಹೆಬ್ಬೆಟ್ಟೂ ಬೇಕಿತ್ತು. ಸಂಜೆ ಮನೆಯಲ್ಲಿ ದುರಗವ್ವ ಇದೇನು ಕಾಗದವೆಂದು ಕೇಳಿದಾಗ, ಮಕ್ಕಳ ವಿಷಯವೂ ಕೇಳಿದ್ದಾರೆ ಎಂದು ಅವನು ಬಾಯಿ ತಪ್ಪಿ ಅಂದುಬಿಟ್ಟ. ಅವಳ ಮುಖ ಅರಳಿತು. ಒಂದು ವರ್ಷದಲ್ಲಿ ಆ ಮುಖ ಅರಳಿದ್ದು ಅದೇ ಮೊದಲು.

"ಆಕಿ ಹೆಸರು ಬರದ್ರಿಲ್ಲೋ? ಸಾಲಿಗೆ ಹೆಸರು ಹಚ್ಚಬೇಕು ಅನ್ನೂದ್ರಾಗ ಹೋಗಿಬಿಟ್ಲು. ಎಲ್ಲೂ ಆಕಿ ಹೆಸರ ಇಲ್ಲ ನೋಡ್ರಿ. ಸರಕಾರದ ಕಾಗದದಾಗರ ಇರಲಿ."

ಹೆತ್ತವಳ ಮುಂದೆ ಇಲ್ಲವೆನ್ನುವ ಎದೆ ಯಾರಿಗಿದೆ?

"ಬರದೇನಿ," ಎಂದ.

"ಎಲ್ಲೈತ್ರಿ?"

ಅವನು ಆ ಮೂರಕ್ಷರದ ಮೇಲೆ ಬೆರಳಿಟ್ಟ. ದುರಗವ್ವ ಸೆರಗಿಗೆ ಕೈ ಒರೆಸಿಕೊಂಡು, ಆ ಅಕ್ಷರಗಳನ್ನು ಮೆಲ್ಲಗೆ ಮುಟ್ಟಿ, ಬೆರಳನ್ನು ಕಣ್ಣಿಗೊತ್ತಿಕೊಂಡಳು.

"ಇಂಗ್ಲೀಷಿನ್ಯಾಗ ಎಷ್ಟು ಸಣ್ಣ ಹೆಸರಾತಲ್ರಿ ನನ್ನ ಮಗಳದು," ಎಂದಳು.